ಅಂಚೆಯ ಕಟ್ಟಳೆಯೂ ಕನ್ನಡಿಗನ ಹಕ್ಕೂ

ಹೊಸದುರ್ಗದ ಉಪಾಧ್ಯಾಯರೊಬ್ಬರು ಮೊನ್ನೆ ಮೊಕದ್ದಮೆಯ ಕೆಲಸಕ್ಕಾಗಿ ಚಿತ್ರದುರ್ಗಕ್ಕೆ ಬಂದವರು ಮಾತಿನ ನಡುವೆ ಅಂಚೆಯವರ ಮೇಲೆ ಹರಿಹಾಯ್ದರು. “ನೋಡಿ ವಕೀಲರೇ, ಹೊಳಲ್ಕೆರೆಯಲ್ಲಿರುವ ತಮ್ಮನಿಗೆ ಕಾಗದ ಬರೆದರೂ ಐದು ರೂಪಾಯಿ, ಗೌಹಾತಿಯಲ್ಲಿ ಉದ್ಯೋಗದಲ್ಲಿರುವ ಮಗನಿಗೆ ಬರೆದರೂ ಐದು ರೂಪಾಯಿ. ಲಕೋಟೆ ಇಪ್ಪತ್ತು ಗ್ರಾಂ ಮೀರಿ ಕೂದಲೆಳೆಯಷ್ಟು ಹೆಚ್ಚಿತೋ, ಮತ್ತೆ ಐದು ರೂಪಾಯಿ ಕಕ್ಕಬೇಕು. ಕಾರ್ಡಿಗೆ ಮಾತ್ರ ಐವತ್ತು ಪೈಸೆ. ಆ ಐವತ್ತು ಪೈಸೆಗೆ ಅಂಗಡಿಯಲ್ಲಿ ಒಂದು ಬೆಂಕಿಪೆಟ್ಟಿಗೆಯೂ ಸಿಕ್ಕದು. ಇದಕ್ಕೆ ತಲೆಯುಂಟೇ, ಬುಡವುಂಟೇ?” ಎಂದರು. ಕೂಡಿದ್ದವರೆಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ.

ತಲೆಯೂ ಉಂಟು, ಬುಡವೂ ಉಂಟು ಎಂದು ತೋರಿಸುವುದು ಈ ಲೇಖನದ ಮೊದಲನೆಯ ಉದ್ದೇಶ. ಆ ಬುಡಕ್ಕೆ ಈಗ ಕೊಡಲಿಯ ಏಟು ಬೀಳುತ್ತಲಿದೆ ಎಂದು ಎಚ್ಚರಿಸುವುದು ಎರಡನೆಯದು. ಆ ತಲೆಯನ್ನು ಕನ್ನಡಿಗನಿಗೆ ಅವನ ನುಡಿಯಲ್ಲಿ ತೋರಿಸದೆ ಮುಚ್ಚಿಟ್ಟಿರುವರೆಂದು ಬಹಿರಂಗವಾಗಿ ದೂರುವುದು ಮೂರನೆಯದು. ವಾಚಕ ಮಹಾಶಯರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಹತ್ತಿರಕ್ಕೂ ದೂರಕ್ಕೂ ಒಂದೇ ದರವೇಕೆ? ೧೮೩೭ರ ಕಾನೂನಿನ ಕಾಲದಲ್ಲಿ ಹೀಗಿರಲಿಲ್ಲ. ಆಗ ದರವು ದೂರವನ್ನೂ ತೂಕವನ್ನೂ ಅನುಸರಿಸುತ್ತಿತ್ತು. ಒಂದು ತೊಲೆಯ ಕಾಗದಕ್ಕೆ ಕಲ್ಕತ್ತೆಯಿಂದ ಮುಂಬಯಿಗೆ ಒಂದು ರೂಪಾಯಿ, ಆಗ್ರಾಕ್ಕೆ ಹನ್ನೆರಡಾಣೆ. ಕೂಲಿಯವನಿಗೆ ಅದು ಹಲವು ದಿನಗಳ ಅನ್ನ. ಅದೇ ೧೮೩೭ರಲ್ಲಿ ಇಂಗ್ಲೆಂಡಿನ ರೋಲೆಂಡ್ ಹಿಲ್ ಎಂಬಾತನು ಲೆಕ್ಕ ಹಾಕಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಲಂಡನ್ನಿನಿಂದ ಎಡಿನ್‌ಬರೋ ಪಟ್ಟಣದವರೆಗೆ ಒಂದು ಕಾಗದವನ್ನು ಸಾಗಿಸಲು ತಗಲುವ ವೆಚ್ಚವು ಒಂದು ಪೆನ್ನಿಯ ಮೂವತ್ತಾರರಲ್ಲಿ ಒಂದು ಪಾಲು ಮಾತ್ರವೆಂದು ಅವನು ತೋರಿಸಿದನು. ಹಾಗಾದರೆ ಹಣ ಖರ್ಚಾಗುವುದೆಲ್ಲಿ? ಕಾಗದವನ್ನು ತೆಗೆದುಕೊಳ್ಳುವುದರಲ್ಲಿ, ದೂರವನ್ನು ಎಣಿಸಿ ದರ ಕಟ್ಟುವುದರಲ್ಲಿ, ವಿಂಗಡಿಸುವುದರಲ್ಲಿ, ಕಡೆಗೆ ಮನೆಯ ಬಾಗಿಲಿಗೆ ಹೋಗಿ ಕೊಟ್ಟು ಕಾಸು ವಸೂಲು ಮಾಡುವುದರಲ್ಲಿ. ಈ ಶ್ರಮವು ಹತ್ತು ಮೈಲಿಯ ಕಾಗದಕ್ಕೂ ಸಾವಿರ ಮೈಲಿಯ ಕಾಗದಕ್ಕೂ ಹೆಚ್ಚು ಕಡಿಮೆ ಒಂದೇ. ಆದುದರಿಂದ ದರವೂ ಒಂದೇ ಇರತಕ್ಕದ್ದು, ಅದನ್ನು ಕಳುಹಿಸುವವನೇ ಮುಂಗಡ ಕೊಡತಕ್ಕದ್ದು ಎಂಬುದು ಅವನ ವಾದ. ೧೮೪೦ರಲ್ಲಿ ಇಂಗ್ಲೆಂಡು ಅದನ್ನೊಪ್ಪಿತು. ೧೮೫೪ರ ಅಕ್ಟೋಬರ್ ೧ರಿಂದ ನಮ್ಮ ದೇಶದಲ್ಲಿಯೂ ಕಾಲು ತೊಲೆಯ ಕಾಗದಕ್ಕೆ ಎಲ್ಲಿಂದೆಲ್ಲಿಗಾದರೂ ಅರ್ಧಾಣೆ ಎಂದಾಯಿತು. ೧೮೭೯ರ ಜುಲೈ ೧ರಂದು ಕಾಲಾಣೆಯ ಕಾರ್ಡು ಬಂದಿತು.

ಇದರಲ್ಲಿ ಇನ್ನೊಂದು ಧರ್ಮಸೂಕ್ಷ್ಮವೂ ಅಡಗಿದೆ. ರೈಲು ದಾರಿಯ ಪಕ್ಕದಲ್ಲಿರುವ ಚಿಕ್ಕಜಾಜೂರಿನವನಿಗೆ ಒಂದು ದರ, ಬಹುಕಾಲ ರೈಲನ್ನೇ ಕಾಣದ ಹಿರಿಯೂರಿನವನಿಗೆ ಇನ್ನೊಂದು ದರ ಎಂದಿದ್ದರೆ ಹುಟ್ಟಿದ ಊರೇ ಮನುಷ್ಯನಿಗೆ ದಂಡವಾಗುತ್ತಿತ್ತು. ಒಂದೇ ದರವೆಂದರೆ ಒಂದೇ ನಾಡು. ಹತ್ತಿರದವನು ದೂರದವನ ಭಾರದಲ್ಲಿ ಒಂದು ಪಾಲನ್ನು ಹೊರುತ್ತಾನೆ. ಕೂಡು ಕುಟುಂಬದಲ್ಲಿ ದುಡಿಯುವ ಅಣ್ಣನು ಓದುವ ತಮ್ಮನ ಭಾರವನ್ನು ಹೊರುವಂತೆಯೇ ಇದು.

ಇನ್ನು ಕೂದಲೆಳೆಯಷ್ಟು ತೂಕದ ಮಾತು. ಎಲ್ಲಿಯೋ ಒಂದು ಕಡೆ ಗೆರೆ ಎಳೆಯದೆ ಗತ್ಯಂತರವಿಲ್ಲ. ಗ್ರಾಮಿಗೆ ಇಷ್ಟು ಪೈಸೆ ಎಂದು ಲೆಕ್ಕ ಹಾಕುತ್ತ ಕುಳಿತರೆ ಗುಮಾಸ್ತನ ಹೊತ್ತಿನ ಬೆಲೆಯೇ ಕಾಗದದ ಬೆಲೆಯನ್ನು ಮೀರುತ್ತದೆ. ಹೊಲದ ಬದುವಿನಂತೆ ತೂಕಕ್ಕೂ ಬದು ಬೇಕು. ಬದು ದಾಟಿದ ಎತ್ತು ಎಷ್ಟು ಹುಲ್ಲು ಮೇಯಿತೆಂದು ಯಾರೂ ಎಣಿಸುವುದಿಲ್ಲ, ದಾಟಿತೇ ಎಂದಷ್ಟೇ ಕೇಳುತ್ತಾರೆ.

ಸ್ಟಾಂಪು ಕಡಿಮೆ ಬಿದ್ದ ಕಾಗದಕ್ಕೆ ಕಡಿಮೆಯಾದಷ್ಟನ್ನಲ್ಲ, ಅದರ ಎರಡರಷ್ಟನ್ನು ತೆಗೆದುಕೊಳ್ಳುವವನಿಂದ ವಸೂಲು ಮಾಡುವ ಪದ್ಧತಿಯನ್ನು ಅನೇಕರು ಸುಲಿಗೆಯೆನ್ನುತ್ತಾರೆ. ಮುಂಗಡ ಕೊಡುವ ಪದ್ಧತಿಗೆ ಮೊದಲು ಏನಾಗುತ್ತಿತ್ತೆಂಬುದನ್ನು ಅವರು ಮರೆತಿದ್ದಾರೆ. ಕಾಗದ ಬಂದವನು ಮೇಲುಹೊದಿಕೆಯ ಗುರುತನ್ನು ನೋಡಿ ಮನೆಯವರ ಕ್ಷೇಮವನ್ನು ತಿಳಿದುಕೊಂಡು, “ನನಗೆ ಬೇಡ” ಎಂದು ಹಿಂದಿರುಗಿಸಿಬಿಡುತ್ತಿದ್ದನು. ಅಂಚೆಯವನಿಗೆ ದಾರಿಯ ಶ್ರಮವೇ ಲಾಭ! ಕೊರತೆಯನ್ನು ಅಷ್ಟಕ್ಕಷ್ಟೇ ವಸೂಲು ಮಾಡಿದರೆ ಮುಂಗಡ ಕೊಡಲು ಯಾರು ತಾನೆ ಮುಂದೆ ಬಂದಾರು? ದುಪ್ಪಟ್ಟು ಎಂಬುದು ಆ ಹಳೆಯ ಜಾಣತನಕ್ಕೆ ಹಾಕಿದ ಬೇಲಿ.

ಪುಸ್ತಕದ ಕಟ್ಟನ್ನು ಬಾಯಿ ತೆರೆದೇ ಕಳುಹಿಸಬೇಕೆಂದು ಬಹುಕಾಲ ನಡೆದುಬಂದ ಬುಕ್ ಪೋಸ್ಟಿನ ನಿಯಮವೂ ಅಂತಹದೇ. ಅಚ್ಚಾದ ಹೊತ್ತಗೆಗೆಂದು ರಿಯಾಯಿತಿ ಕೊಟ್ಟರೆ, ಅದರ ಹೊಟ್ಟೆಯಲ್ಲಿ ಖಾಸಗಿ ಕಾಗದ ಅವಿತುಕೊಂಡಿಲ್ಲವೆಂದು ನೋಡುವ ಅವಕಾಶ ಬೇಡವೇ? ಬಹುಮಾನದ ಪ್ರಶ್ನೆಗಳಿಗೆ ಉತ್ತರ ಕಳುಹಿಸಲು ಹತ್ತು ರೂಪಾಯಿಯ ಬೇರೆ ಕಾರ್ಡನ್ನೇ ಇಲಾಖೆ ಮಾಡಿಟ್ಟಿದ್ದಕ್ಕೂ ಕಾರಣವಿತ್ತು. ಬಡವರ ಕ್ಷೇಮಸಮಾಚಾರಕ್ಕೆಂದು ಇಟ್ಟ ಸೋವಿ ಕಾರ್ಡುಗಳ ಮೂಟೆಗಳು ದೂರದರ್ಶನದ ಕಂಪೆನಿಗಳ ಬಾಗಿಲಿಗೆ ಹೋಗತೊಡಗಿದರೆ ಆ ರಿಯಾಯಿತಿ ಬಡವನದಾಗಿ ಉಳಿಯದು. ಪತ್ರಿಕೆಯ ರಿಯಾಯಿತಿ ಬೇಕಾದರೆ ಮೂವತ್ತೊಂದು ದಿನಕ್ಕೊಮ್ಮೆಯಾದರೂ ಪ್ರಕಟವಾಗಬೇಕು, ನಿಜವಾದ ಚಂದಾದಾರರ ಪಟ್ಟಿಯಿರಬೇಕು ಎಂದು ೧೮೯೮ರ ಕಾನೂನು ವಿಧಿಸಿದ್ದುದೂ ವ್ಯಾಪಾರಿಯ ಜಾಹೀರಾತು ಪತ್ರಿಕೆಯ ವೇಷ ಹಾಕಿ ಬರದಿರಲೆಂದೇ. ಅಂಧರ ಬ್ರೈಲ್ ಪುಸ್ತಕಗಳಿಗೆ ದರವೇ ಇಲ್ಲ. ಅದರ ಕಾರಣವನ್ನು ಹೇಳಬೇಕಾದ ಅಗತ್ಯವಿಲ್ಲ.

ಇನ್ನು ಆರಂಕಿಯ ಪಿನ್ ಸಂಖ್ಯೆ. ೧೯೭೨ರ ಆಗಸ್ಟ್ ೧೫ರಂದು ಇದು ಜಾರಿಗೆ ಬಂದಿತು. ಚಿತ್ರದುರ್ಗಕ್ಕೆ ೫೭೭೫೦೧, ಹೊಳಲ್ಕೆರೆಗೆ ೫೭೭೫೨೬, ಹೊಸದುರ್ಗಕ್ಕೆ ೫೭೭೫೨೭. ೧೯೯೭ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು, ಆದರೂ ಅದರ ಅಂಕಿ ೫೭೭೦೦೧. ಶಿವಮೊಗ್ಗದ್ದು ೫೭೭೨೦೧, ಚಿಕ್ಕಮಗಳೂರಿನದು ೫೭೭೧೦೧. ಬಳ್ಳಾರಿಗೆ ಸಮೀಪವಿರುವ ಮೊಳಕಾಲ್ಮೂರೂ ೫೭೭ರಲ್ಲಿಯೇ, ಬಳ್ಳಾರಿಯಾದರೋ ೫೮೩ರಲ್ಲಿ. ಏಕೆಂದರೆ ಅಂಚೆಯ ಚೀಲವು ಜಿಲ್ಲೆಯ ಗಡಿಯನ್ನು ನೋಡಿ ನಡೆಯುವುದಿಲ್ಲ, ವಿಂಗಡಣೆಯ ದಾರಿಯನ್ನು ನೋಡಿ ನಡೆಯುತ್ತದೆ.

ಉಪಾಧ್ಯಾಯರಿಗೆ ನಾವು ಹೇಳಿದೆವು: “ಮೇಷ್ಟ್ರೇ, ನಿಮ್ಮ ಊರಿನ ಹೆಸರಿನ ಊರು ಇನ್ನೊಂದಿದೆ, ಬಲ್ಲಿರಾ? ಕಾಸರಗೋಡು ಜಿಲ್ಲೆಯಲ್ಲಿ ಕಾಞಂಗಾಡಿನ ಬಳಿ ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯ ಊರು ಹೊಸದುರ್ಗ. ಬರೇ ‘ಹೊಸದುರ್ಗ’ ಎಂದು ಬರೆದ ಕಾಗದ ನಿಮ್ಮಲ್ಲಿಗೆ ಬರಬೇಕೋ, ಪಡುಗಡಲ ತೀರಕ್ಕೆ ಹೋಗಬೇಕೋ? ಅದನ್ನು ತೀರ್ಮಾನಿಸುವುದು ಈ ಆರಂಕಿಯೇ.” ಅವರು ಬೆರಗಾದರು. ಅವರ ಬೆರಗೇ ನಮಗೆ ನೋವಾಯಿತು. ಕನ್ನಡದ ಹೆಸರನ್ನೂ ಕನ್ನಡದ ಅರಸರ ಕೋಟೆಯನ್ನೂ ಹೊತ್ತಿರುವ ಆ ಇನ್ನೊಂದು ಹೊಸದುರ್ಗವು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ಆ ಹೊಸದುರ್ಗವನ್ನು ನಾವಿಂದು ಕೇಳುತ್ತಿಲ್ಲ. ಆದರೆ ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡು ಕರ್ನಾಟಕಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವೇ ೧೯೬೭ರಲ್ಲಿ ಹೇಳಿತಷ್ಟೆ. ಅದು ಇಂದಿಗೂ ಕಾಗದದ ಮೇಲೆಯೇ ಉಳಿದಿದೆ. ಈ ಕಾಗದಕ್ಕೆ ಮಾತ್ರ ಯಾವ ಪಿನ್ ಅಂಕಿಯೂ ದಾರಿ ತೋರಿಸಲಿಲ್ಲ.

ಏಕೀಕರಣದ ಮಾತಿಗೂ ಅಂಚೆಯ ದರಕ್ಕೂ ಏನು ನಂಟು ಎಂದು ಕೇಳುವವರಿಗೆ ಹಿಂದಿನ ಚರಿತ್ರೆಯೇ ಉತ್ತರ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ೧೭ನೆಯ ಶತಮಾನದ ಕಡೆಯ ಭಾಗದಲ್ಲಿ, ಮೈಸೂರಿನ ಅಂಚೆ ನೆಲೆಗೊಂಡಿತು. ಕಾಗದ ಒಯ್ಯುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಸನ ಕಿವಿಗೆ ಮುಟ್ಟಿಸುವುದೂ ಅಂಚೆಯವರ ಕೆಲಸವಾಗಿತ್ತು. ೧೮೮೯ರಲ್ಲಿ ಆ ಅಂಚೆಯು ಬ್ರಿಟಿಷರ ಅಂಚೆಯಲ್ಲಿ ವಿಲೀನವಾಯಿತು. ನಮ್ಮದೇ ಆದುದೊಂದು ಹೋಯಿತೆಂದು ಅಭಿಮಾನಿಗಳು ಮರುಗಬಹುದು. ಆದರೆ ಪರರ ಕೈಯಿಂದಲೂ ಒಂದು ಉಪಕಾರವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಮೈಸೂರು, ಮುಂಬಯಿ, ಮದರಾಸು, ಕೊಡಗು ಎಂದು ಕನ್ನಡಿಗನನ್ನು ಆಳುವವರು ಹರಿದು ಹಂಚಿಕೊಂಡಿದ್ದ ಕಾಲದಲ್ಲಿ ಚಿತ್ರದುರ್ಗದಿಂದ ಹಿರಿಯೂರಿಗೆ ಯಾವ ದರವೋ ಧಾರವಾಡಕ್ಕೂ ಬಳ್ಳಾರಿಗೂ ಮಂಗಳೂರಿಗೂ ಅದೇ ದರ. ರಾಜ್ಯದ ನಕ್ಷೆಯಲ್ಲಿ ಇಲ್ಲದಿದ್ದ ಕರ್ನಾಟಕವು ಅಂಚೆಯ ಚೀಲದಲ್ಲಿ ಇತ್ತು! ಆಲೂರು ವೆಂಕಟರಾಯರು ೧೯೨೨ರಲ್ಲಿ ಧಾರವಾಡದಿಂದ ಹೊರಡಿಸಿದ ‘ಜಯ ಕರ್ನಾಟಕ’ದಂತಹ ಪತ್ರಿಕೆಗಳು ಸಂಸ್ಥಾನದ ಗಡಿ ದಾಟಿದ್ದು ಈ ಏಕದರದ ಬೆನ್ನೇರಿಯೇ. ಗಡಿ ದಾಟಿದಾಗಲೆಲ್ಲ ದರ ಏರುತ್ತಿದ್ದರೆ ಏಕೀಕರಣದ ಕೂಗು ಧಾರವಾಡದ ಬೀದಿಯಲ್ಲಿಯೇ ಅಡಗಿಹೋಗುತ್ತಿತ್ತು.

ಇದರ ಪ್ರತಿದೃಷ್ಟಾಂತವೂ ಕಣ್ಣೆದುರಿಗೇ ಇತ್ತು. ನಿಜಾಮನ ಹೈದರಾಬಾದು ೧೯೫೦ರವರೆಗೂ ತನ್ನದೇ ಸ್ಟಾಂಪನ್ನು ನಡೆಸಿತು. ರಾಯಚೂರು, ಕಲಬುರಗಿ, ಬೀದರಗಳ ಕನ್ನಡಿಗನಿಗೆ ಸಂಸ್ಥಾನದ ಒಳಗೆ ನಿಜಾಮನ ಸ್ಟಾಂಪು, ಹೊರಗಿನ ಬಂಧುವಿಗೆ ಬರೆಯಲು ಬೇರೆ ಸ್ಟಾಂಪು. ಒಂದೇ ತಾಯಿಯ ಮಕ್ಕಳ ನಡುವೆ ಎರಡು ಮುದ್ರೆ! ಇದನ್ನೆಲ್ಲ ಕಂಡುಂಡ ಹಿರಿಯರು ಹೋರಾಡಿ ೧೯೫೬ರಲ್ಲಿ ನಾಡನ್ನು ಕೂಡಿಸಿದರು. ಈ ಚಿತ್ರದುರ್ಗದಲ್ಲಿ ವಕೀಲಿ ಮಾಡಿದ ಎಸ್. ನಿಜಲಿಂಗಪ್ಪನವರೇ ಕೂಡಿದ ನಾಡಿಗೆ ಮೊದಲ ಮುಖ್ಯಮಂತ್ರಿಗಳಾದರು.

ಈಗ ಕೊಡಲಿಯ ಮಾತು. ೨೦೨೫ರ ಸೆಪ್ಟೆಂಬರ್ ೧ರಿಂದ ದೇಶದೊಳಗಿನ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದರು. ಅಕ್ಟೋಬರ್ ೧ರಿಂದ ಅದರ ದರವನ್ನೂ ಹೊಸದಾಗಿ ಕಟ್ಟಿದರು. ಐವತ್ತು ಗ್ರಾಂ ಒಳಗಿನ ಲಕೋಟೆಗೆ ಒಂದೇ ಪಟ್ಟಣದ ಎಲ್ಲೆಯೊಳಗಾದರೆ ೧೯ ರೂಪಾಯಿ, ಹೊರಗಾದರೆ ೪೭ ರೂಪಾಯಿ. ನೋಂದಣಿ ಬೇಕಾದರೆ ೫ ರೂಪಾಯಿ ಬೇರೆ, ತೆರಿಗೆ ಬೇರೆ. ಐವತ್ತೊಂದು ಗ್ರಾಮಿನಿಂದ ಇನ್ನೂರೈವತ್ತು ಗ್ರಾಮಿನವರೆಗೆ ಊರೊಳಗೆ ೨೪. ಹೊರಗೆ ದೂರವನ್ನು ನೋಡಿ ೫೯, ೬೩, ೬೮, ೭೨, ೭೭ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಇದರ ಫಲವನ್ನು ನೋಡಿರಿ. ಬೆಂಗಳೂರಿನ ಒಂದು ತುದಿಯ ವ್ಯಾಪಾರಿಯು ಇನ್ನೊಂದು ತುದಿಗೆ, ಹತ್ತಾರು ಮೈಲಿ, ಹತ್ತೊಂಬತ್ತು ರೂಪಾಯಿಗೆ ಕಾಗದ ಕಳುಹಿಸುತ್ತಾನೆ. ೧೯೩೯ರಲ್ಲಿ ಈಚಲು ಮರದ ಸತ್ಯಾಗ್ರಹಕ್ಕೆ ಹೆಗಲು ಕೊಟ್ಟ ತುರುವನೂರಿನ ರೈತನು ತನ್ನ ತಾಲ್ಲೂಕಿನ ಕೇಂದ್ರವಾದ ಚಿತ್ರದುರ್ಗಕ್ಕೆ ಅಷ್ಟೇ ತೂಕದ ಕಾಗದ ಕಳುಹಿಸಬೇಕಾದರೆ ನಲವತ್ತೇಳು ಕೊಡಬೇಕು. ಊರೊಳಗಿನ ಕಾಗದಕ್ಕೆ ಸಾಗಾಟವೂ ಮರುವಿಂಗಡಣೆಯೂ ಇಲ್ಲವೆಂದು ಇಲಾಖೆಯ ಪರವಾಗಿ ಹೇಳಬಹುದು. ಒಪ್ಪೋಣ. ಅಲ್ಪಸ್ವಲ್ಪ ಅಂತರಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಎರಡೂವರೆ ಪಾಲಿನಷ್ಟು ಅಂತರವೇ? ಸಾಗಾಟದ ವೆಚ್ಚವು ಒಟ್ಟು ವೆಚ್ಚದಲ್ಲಿ ಸಣ್ಣ ಪಾಲೆಂಬ ತತ್ತ್ವದ ಮೇಲೆಯೇ ಅಂಚೆಯು ನಿಂತಿದೆಯಷ್ಟೆ. ನಗರದವನಿಗೆ ಬೆಲ್ಲ, ಹಳ್ಳಿಯವನಿಗೆ ಬೇವು ಎಂಬುದು ಯಾವ ಲೆಕ್ಕ? ವೇಗದ ಸೇವೆಗೆ ಹೆಚ್ಚು ಕೊಡಿರೆಂದರೆ ಕೊಡುತ್ತೇವೆ. ವೇಗ ಬೇಡದವನಿಗೂ ವೇಗವನ್ನೇ ಮಾರಿದರೆ ಅದು ಸೇವೆಯೆನಿಸದು.

ನೋಂದಾಯಿತ ಕಾಗದವು ಭೋಗವಸ್ತುವಲ್ಲ, ಬಡವನ ಸಾಕ್ಷಿ. ೧೮೯೭ರ ಜನರಲ್ ಕ್ಲಾಜಸ್ ಕಾನೂನಿನ ೨೭ನೆಯ ಕಲಮಿನಂತೆ, ಸರಿಯಾದ ವಿಳಾಸ ಬರೆದು, ದರ ತೆತ್ತು, ರಿಜಿಸ್ಟರ್ ಮಾಡಿಸಿ ಕಳುಹಿಸಿದ ನೋಟೀಸು ಮುಟ್ಟಿತೆಂದೇ ನ್ಯಾಯಾಲಯವು ಭಾವಿಸತಕ್ಕದ್ದು. ಮುಟ್ಟಲಿಲ್ಲವೆಂದು ರುಜುವಾತು ಪಡಿಸುವ ಹೊರೆ ಎದುರಾಳಿಯದು. ಚೆಕ್ಕು ತಿರಸ್ಕೃತವಾದರೆ ಮೂವತ್ತು ದಿನಗಳೊಳಗೆ ನೋಟೀಸು ಕೊಡಬೇಕು. ಗುತ್ತಿಗೆಯ ಜಗಳ, ಬಾಡಿಗೆಯ ಜಗಳ, ಮನೋವರ್ತಿಯ ಕೋರಿಕೆ, ಎಲ್ಲಕ್ಕೂ ಆ ಸಣ್ಣ ರಸೀತಿಯೇ ಆಧಾರ. ಹಿಂದೆ ಸಣ್ಣ ಲಕೋಟೆಗೆ ಐದು, ನೋಂದಣಿಗೆ ಹದಿನೇಳು, ಸ್ವೀಕೃತಿ ಕಾರ್ಡಿಗೆ ಮೂರು ಎಂಬ ಲೆಕ್ಕದಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಈಗ ಐವತ್ತಕ್ಕೂ ಮಿಕ್ಕಿದ ಹಣ. ನಾಲ್ಕು ಜನ ದಾಯಾದಿಗಳಿಗೆ ನೋಟೀಸು ಕೊಡಬೇಕಾದ ಹಿರಿಯೂರಿನ ವಿಧವೆಗೆ ಇದು ಒಂದು ದಿನದ ಕೂಲಿಯ ದೊಡ್ಡ ಪಾಲು. ಸಿರಿವಂತನಿಗೆ ಇದು ತಿಳಿಯುವುದೂ ಇಲ್ಲ.

ಪುಸ್ತಕದ ಗತಿಯೂ ಹೀಗೆಯೇ ಆಯಿತು. ಅಚ್ಚಾದ ಹೊತ್ತಗೆಗಳಿಗಿದ್ದ ಹಳೆಯ ರಿಯಾಯಿತಿಯನ್ನು ೨೦೨೪ರ ಡಿಸೆಂಬರಿನಲ್ಲಿ ಕಿತ್ತುಹಾಕಿದರು. ಪ್ರಕಾಶಕರೂ ಓದುಗರೂ ಕೂಗಿಕೊಂಡ ಮೇಲೆ ೨೦೨೫ರ ಮೇ ೧ರಿಂದ ‘ಜ್ಞಾನ ಪೋಸ್ಟ್’ ಎಂದು ಮುನ್ನೂರು ಗ್ರಾಮಿಗೆ ೨೦ ರೂಪಾಯಿಯಿಂದ ಐದು ಕಿಲೋಗೆ ೧೦೦ ರೂಪಾಯಿಯವರೆಗಿನ ದರವನ್ನು ಗೊತ್ತುಮಾಡಿದರು. ಕೂಗಿದರೆ ಕಿವಿ ಕೇಳಿಸುತ್ತದೆ ಎಂಬುದಕ್ಕೆ ಇದೇ ಪ್ರಮಾಣ. ನಾವು ಸುಮ್ಮನಿರಬಾರದೆಂಬುದಕ್ಕೂ ಇದೇ ಪ್ರಮಾಣ.

“ಅಂಚೆಗೆ ನಷ್ಟವಾಗುತ್ತಿದೆಯಲ್ಲ, ಕಾರ್ಡೊಂದಕ್ಕೆ ಹನ್ನೆರಡು ರೂಪಾಯಿ ವೆಚ್ಚ ಮಾಡಿ ಐವತ್ತು ಪೈಸೆ ಪಡೆಯುವುದು ಯಾವ ಬುದ್ಧಿ?” ಎಂದು ಪೇಟೆಯ ಲೆಕ್ಕಿಗರು ಕೇಳುತ್ತಾರೆ. ಇಲಾಖೆಯ ೨೦೧೬-೧೭ರ ವರದಿಯಲ್ಲಿಯೂ ಹೆಚ್ಚು ಕಡಿಮೆ ಈ ಲೆಕ್ಕವೇ ಇತ್ತು. ನಾವು ಮರುಪ್ರಶ್ನೆ ಹಾಕುತ್ತೇವೆ: ಪೊಲೀಸ್ ಠಾಣೆಯಿಂದ ಎಷ್ಟು ಲಾಭ? ಪ್ರಾಥಮಿಕ ಶಾಲೆಯಿಂದ ಎಷ್ಟು ಲಾಭ? ದೇಶದ ಒಂದು ಲಕ್ಷ ಅರವತ್ತನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಅಂಚೆಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಯವು. ಅಂಚೆಯಣ್ಣನು ಹೇಗೂ ಹಳ್ಳಿಗೆ ಹೋಗಲೇಬೇಕು. ಅವನ ಚೀಲದಲ್ಲಿ ಇನ್ನೊಂದು ಕಾರ್ಡು ಬಿದ್ದರೆ ಅವನ ಸಂಬಳವೇನೂ ಹೆಚ್ಚದು. ಸರಾಸರಿಯ ಲೆಕ್ಕವನ್ನು ತೋರಿಸಿ ಕಾರ್ಡಿನ ಕೊರಳು ಕೊಯ್ಯುವುದು ಜಾಣತನವೇ ಹೊರತು ಸತ್ಯವಲ್ಲ. ಖಾಸಗಿ ಕೊರಿಯರಿನವರನ್ನು ಹೊಗಳುವವರು, ಧರ್ಮಪುರದ ಆಚೆಯ ಹಟ್ಟಿಗೆ ಅವರು ಐದು ರೂಪಾಯಿಗೆ ಕಾಗದ ಒಯ್ಯುವರೇ ಎಂದು ಮೊದಲು ಕೇಳಿ ಬರಲಿ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು. ಇಷ್ಟು ಸೊಗಸಾದ ಕಾರಣಗಳಿರುವ ನಿಯಮಗಳನ್ನು ನಮ್ಮ ವಿದ್ಯಾವಂತ ಉಪಾಧ್ಯಾಯರೇ ಹುಚ್ಚೆಂದು ಏಕೆ ತಿಳಿದರು? ಅವರಿಗೆ ಯಾರೂ ಕನ್ನಡದಲ್ಲಿ ತಿಳಿಸದ ಕಾರಣ. ಕೇಂದ್ರ ಸರಕಾರದ ೧೯೭೬ರ ರಾಜಭಾಷಾ ನಿಯಮಗಳ ೧೧ನೆಯ ನಿಯಮವು ಕೈಪಿಡಿಗಳೂ ನಿಯಮಗ್ರಂಥಗಳೂ ಹಿಂದಿ ಇಂಗ್ಲಿಷುಗಳಲ್ಲಿ ಇರತಕ್ಕದ್ದೆನ್ನುತ್ತದೆ. ಅಲ್ಲಿ ಕನ್ನಡದ ಸೊಲ್ಲಿಲ್ಲ. ೨೦೨೩ರ ಅಂಚೆ ಕಾನೂನು ೨೦೨೪ರ ಜೂನ್ ೧೮ರಂದು ಜಾರಿಗೆ ಬಂದಿತು. ಕಾಗದವನ್ನು ತಡೆಹಿಡಿಯುವ ಅಧಿಕಾರವನ್ನೂ, ಗೊತ್ತುಪಡಿಸಿದಷ್ಟು ಹೊರತು ಅಂಚೆಗೆ ಹೊಣೆಯಿಲ್ಲವೆಂಬ ವಿಧಿಯನ್ನೂ ಒಳಗೊಂಡ ಕಾನೂನು ಅದು. ಮೋಸದಿಂದಲೋ ಬೇಕೆಂದೇ ಆಗಲಿ ಕಾಗದವನ್ನು ಕಳೆದ ನೌಕರನು ಹೊಣೆಗಾರನೆಂಬ ಸಂಗತಿಯೂ ಅದರಲ್ಲುಂಟು. ಇದನ್ನು ಹೊಳಲ್ಕೆರೆಯ ರೈತನು ತಿಳಿಯುವ ಬಗೆಯೆಂತು? ಕೇಂದ್ರದ ಕಾನೂನುಗಳನ್ನು ಪ್ರಾಂತಭಾಷೆಗಳಲ್ಲಿ ಅಧಿಕೃತ ಪಾಠವಾಗಿ ಪ್ರಕಟಿಸಲು ೧೯೭೩ರಲ್ಲಿಯೇ ಒಂದು ಕಾನೂನನ್ನು ಮಾಡಿಟ್ಟಿದ್ದಾರೆ. ಆಯುಧ ಕೈಯಲ್ಲಿದೆ, ಬೀಸುವವರಿಲ್ಲ.

೨೦೧೯ರ ಜುಲೈ ೧೪ರಂದು ಅಂಚೆಯ ನೌಕರಿಯ ಪರೀಕ್ಷೆಯನ್ನು ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರ ನಡೆಸಿದಾಗ ತಮಿಳರು ರಾಜ್ಯಸಭೆಯಲ್ಲಿ ಗದ್ದಲವೆಬ್ಬಿಸಿ ಆ ಪರೀಕ್ಷೆಯನ್ನೇ ರದ್ದು ಮಾಡಿಸಿದರು. ಅವರನ್ನು ನೋಡಿ ಅಸೂಯೆಪಡುವ ಬದಲು ಕಲಿಯೋಣ. ಕಾರಣವಿಲ್ಲದ ನಿಯಮವು ದಬ್ಬಾಳಿಕೆ. ಕಾರಣವಿದ್ದೂ ಪ್ರಜೆಯ ನುಡಿಯಲ್ಲಿ ಅದನ್ನು ಹೇಳದ ನಿಯಮವು ಪ್ರಜೆಯ ಪಾಲಿಗೆ ದಬ್ಬಾಳಿಕೆಯಿಂದ ಬೇರೆಯಾಗಿ ಕಾಣದು.

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು: ಸಾಮಾನ್ಯ ಕಾಗದಕ್ಕೂ ಕಾರ್ಡಿಗೂ ಇರುವ ಏಕದರವನ್ನು ಯಾವ ನೆಪದಿಂದಲೂ ಮುಟ್ಟಕೂಡದು. ಎರಡು: ಕಾನೂನಿನ ನೋಟೀಸುಗಳಿಗಾಗಿ, ವೇಗವಿಲ್ಲದಿದ್ದರೂ ಸಾಕ್ಷ್ಯವುಳ್ಳ ಸೋವಿಯ ನೋಂದಣಿಯನ್ನು ಮರಳಿ ಕೊಡಬೇಕು. ಮೂರು: ತಾಲ್ಲೂಕಿನ ಹಳ್ಳಿಗೂ ತಾಲ್ಲೂಕಿನ ಪಟ್ಟಣಕ್ಕೂ ನಡುವಣ ಕಾಗದವನ್ನು ‘ಊರೊಳಗಿನದು’ ಎಂದೇ ಎಣಿಸಬೇಕು. ನಾಲ್ಕು: ದರಗಳೂ ನಿಯಮಗಳೂ ಅವುಗಳ ಕಾರಣಗಳೂ ಕರ್ನಾಟಕದ ಪ್ರತಿ ಅಂಚೆಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿರಬೇಕು, ಕಾಸರಗೋಡು, ರಾಯದುರ್ಗ, ಅಕ್ಕಲಕೋಟೆ, ಜತ್ತಗಳಲ್ಲಿಯೂ ಕನ್ನಡಿಗನು ಕೇಳಿದ ನಮೂನೆ ಕನ್ನಡದಲ್ಲಿ ಸಿಗಬೇಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಉಪಾಧ್ಯಾಯರಲ್ಲಿಯೂ ಪುರಜನರಲ್ಲಿಯೂ ನಮ್ಮದೊಂದು ಬಿನ್ನಹ. ಇಷ್ಟನ್ನು ನಾಲ್ಕೇ ಸಾಲುಗಳಲ್ಲಿ, ಅಚ್ಚಕನ್ನಡದಲ್ಲಿ, ಒಂದು ಕಾರ್ಡಿನ ಮೇಲೆ ಬರೆದು ಬೆಂಗಳೂರಿನ ಮುಖ್ಯ ಅಂಚೆ ಅಧಿಕಾರಿಗಳಿಗೆ ಕಳುಹಿಸಿರಿ. ವಿಳಾಸವನ್ನೂ ಕನ್ನಡದಲ್ಲಿಯೇ ಬರೆಯಿರಿ, ಪಿನ್ ಅಂಕಿಯನ್ನು ಮರೆಯಬೇಡಿರಿ. ಖರ್ಚು ಐವತ್ತು ಪೈಸೆ. ಆ ಐವತ್ತು ಪೈಸೆಯ ಕಾರ್ಡು ಏಕೆ ಉಳಿಯಬೇಕೆಂಬುದಕ್ಕೆ ಸಾವಿರ ಕಾರ್ಡುಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಉಪಾಧ್ಯಾಯರು ಆಗಲೇ ಒಂದನ್ನು ಬರೆದು ಪೆಟ್ಟಿಗೆಗೆ ಹಾಕಿಯೇ ಹೊಸದುರ್ಗದ ಬಸ್ಸು ಹತ್ತಿದರು.